ಬೀದಿಯಲ್ಲಿ ಮಲಗುವವರಿಗೆ ಬೆಚ್ಚನೆಯ ಹೆಣಿಗೆ: ಉಲ್ಲನ್ ಕೊಳ್ಳುವುದರಿಂದ ಕೈಗೆ ಕೊಡುವವರೆಗೆ

ನಾನು ಮೊದಲ ಸಲ ಹೆಣೆದು ಕೊಟ್ಟಿದ್ದು ಒಂದು ಶಾಲು. ಕೆನೆ ಬಣ್ಣ, ಅನಾನಸ್ ಡಿಸೈನ್, ಅಂಚಿಗೆ ಕುಚ್ಚು. ಎರಡು ತಿಂಗಳು ಕೂತು ಕ್ರೋಶಾದಲ್ಲಿ, ಅಂದರೆ ಒಂದೇ ಕೊಕ್ಕೆಯ ಹೆಣಿಗೆಯಲ್ಲಿ, ಮಾಡಿದ್ದೆ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರ ಅಂಗಡಿ ಬಾಗಿಲ ಮುಂದೆ ಮಲಗುತ್ತಿದ್ದ ಒಬ್ಬ ಅಜ್ಜಿಗೆ ಕೊಟ್ಟು, ಮನೆಗೆ ಬಂದು ಹೆಮ್ಮೆಯಿಂದ ಮಲಗಿದೆ. ಹದಿನೈದು ದಿನ ಬಿಟ್ಟು ಹೋದರೆ ಶಾಲು ಮೈಮೇಲಿಲ್ಲ. ಅಕ್ಕಿ ಚೀಲದೊಳಗೆ ಮಡಿಸಿಟ್ಟು ತಲೆಗೆ ದಿಂಬು ಮಾಡಿಕೊಂಡಿದ್ದರು. ಯಾಕಜ್ಜಿ ಅಂದೆ. "ಚೆನ್ನಾಗೈತೆ ಕಣವ್ವ, ಕೊಳೆ ಮಾಡ್ಬಾರ್ದು ಅಂತ ಇಟ್ಟಿವ್ನಿ. ಹೊದ್ರೆ ತೂತಲ್ಲೆಲ್ಲ ಗಾಳಿ ಬತ್ತದೆ" ಅಂದರು.

ತಪ್ಪು ನನ್ನದೇ. ನಾನು ಶಾಲನ್ನು ನನ್ನ ಮನೆಯ ಬೀರುವಿಗೆ ಹೆಣೆದಿದ್ದೆ, ಅವರ ರಾತ್ರಿಗೆ ಅಲ್ಲ. ಆಮೇಲಿಂದ ಕಡ್ಡಿ ಕೈಗೆತ್ತಿಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಹಗಲು ಹೊತ್ತು ಅವರು ಎಲ್ಲಿ ಇಡುತ್ತಾರೆ? ಎಲ್ಲಿ ಒಗೆಯುತ್ತಾರೆ? ಎಲ್ಲಿ ಒಣಗಿಸುತ್ತಾರೆ? ಬೀರು, ಬಕೆಟ್ಟು, ಹಗ್ಗ ಮೂರೂ ಇಲ್ಲದವರಿಗೆ ಹೆಣೆಯುವಾಗ ದಾರ, ಬಣ್ಣ, ಅಳತೆ ಎಲ್ಲವೂ ಈ ಮೂರು ಪ್ರಶ್ನೆಯಿಂದಲೇ ತೀರ್ಮಾನ ಆಗುತ್ತವೆ.

ಬೆಂಗಳೂರಲ್ಲಿ ಅಂಥಾ ಚಳಿ ಎಲ್ಲಿದೆ ಅನ್ನುವವರಿಗೆ

ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿ. ದಾಖಲೆಯ ಚಳಿ ಅಂದರೆ 1884ರ ಜನವರಿ 13ರಂದು 7.8 ಡಿಗ್ರಿ. ಬೀದರ್, ವಿಜಯಪುರ, ಕಲಬುರಗಿ ಕಡೆ ಕೆಲವು ರಾತ್ರಿ ಇಲ್ಲಿಗಿಂತ ಜಾಸ್ತಿ ಕೊರೆಯುತ್ತದೆ. ಮನೆಯೊಳಗೆ ಕೂತರೆ 15 ಡಿಗ್ರಿ ಹಿತವಾಗಿಯೇ ಇರುತ್ತದೆ. ಆದರೆ ಗ್ರಾನೈಟ್ ಕಲ್ಲಿನ ಮೇಲೆ ಮಲಗಿ ನೋಡಿ. ನೆಲ ಮೈಯ ಶಾಖವನ್ನು ರಾತ್ರಿಯಿಡೀ ಹೀರುತ್ತದೆ. ಮೇಲೆ ಗಾಳಿ, ಬೆಳಗಿನ ಜಾವಕ್ಕೆ ಮಂಜು. ಹೊಟ್ಟೆ ತುಂಬಿರುವುದಿಲ್ಲ. ಕುಡಿದರೆ ಬೆಚ್ಚಗಾಯಿತು ಅನ್ನಿಸುತ್ತದೆ, ಆದರೆ ಚರ್ಮದ ರಕ್ತನಾಳ ಹಿಗ್ಗಿ ಶಾಖ ಇನ್ನೂ ಬೇಗ ಹೊರಗೆ ಹೋಗುತ್ತದೆ.

2011ರ ಜನಗಣತಿ ದೇಶದಲ್ಲಿ ಮನೆಯಿಲ್ಲದವರನ್ನು ಸುಮಾರು 17.7 ಲಕ್ಷ ಎಂದು ಎಣಿಸಿತು. ಕರ್ನಾಟಕದಲ್ಲಿ 76 ಸಾವಿರಕ್ಕೂ ಜಾಸ್ತಿ. ನಾವು ಎಷ್ಟು ಟೋಪಿ ಹೆಣೆದರೂ ಈ ಲೆಕ್ಕಕ್ಕೆ ಸಾಲುವುದಿಲ್ಲ, ಅದು ಗೊತ್ತಿದ್ದೇ ಕೂರಬೇಕು. ನಾನು ಒಂದು ಚಳಿಗಾಲಕ್ಕೆ ಇಪ್ಪತ್ತೈದು ಟೋಪಿ, ಹತ್ತು ಮಫ್ಲರ್ ಅಂತ ಇಟ್ಟುಕೊಂಡಿದ್ದೇನೆ. ಆಷಾಢದ ಮಳೆಯಲ್ಲಿ ಶುರು, ದೀಪಾವಳಿಗೆ ಮುಗಿಸು. ಸಂಕ್ರಾಂತಿ ಕಳೆದ ಮೇಲೆ ಕೊಟ್ಟರೆ ಏನು ಬಂತು, ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತದಲ್ಲ.

ಏನು ಹೆಣೆಯಬೇಕು

ಮೊದಲು ಟೋಪಿ. ಮೈಯ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಅಂತ ಹೇಳುವುದುಂಟು, ಅದು ನಿಜ ಅಲ್ಲ. ತಲೆ ಅಂದರೆ ಮೈಯ ಹತ್ತರಲ್ಲೊಂದು ಭಾಗ ಅಷ್ಟೇ. ಆದರೂ ಟೋಪಿಯೇ ಮೊದಲು, ಯಾಕೆಂದರೆ ಗೋಣಿಚೀಲವನ್ನಾದರೂ ಹೊದ್ದು ಮಲಗಿದವರ ಹೊರಗೆ ಉಳಿಯುವುದು ತಲೆ, ಕಿವಿ. ಟೋಪಿ ಜೇಬಿಗೆ ಹೋಗುತ್ತದೆ. ಒಂದೇ ಅಳತೆ ಎಲ್ಲರಿಗೂ ಆಗುತ್ತದೆ. ಒಂದು ಉಂಡೆ ದಾರದಲ್ಲಿ ಮುಗಿಯುತ್ತದೆ.

ಎರಡನೆಯದು ಮಫ್ಲರ್. ನಮ್ಮ ಹಿರಿಯರು ಅದನ್ನು ಕೊರಳಿಗೆ ಹಾಕುವುದು ಕಡಿಮೆ. ತಲೆ ಮೇಲಿಂದ ಕಿವಿ ಮುಚ್ಚಿ ಗದ್ದದ ಕೆಳಗೆ ಗಂಟು ಹಾಕುತ್ತಾರೆ. ಅಳತೆ ಅದಕ್ಕೆ ತಕ್ಕ ಹಾಗಿರಲಿ. ಮೂರನೆಯದು ಮಲಗುವಾಗ ಹಾಕುವ ಕಾಲುಚೀಲ. ನಾಲ್ಕನೆಯದು ತೋಳಿಲ್ಲದ ಸ್ವೆಟರ್. ಕಂಬಳಿ ಕೊನೆಗೆ. ಕೈಗವಸು ನಾನು ಬಿಟ್ಟೇಬಿಟ್ಟೆ. ಹೆಣೆಯಲು ಟೋಪಿಯಷ್ಟೇ ಹೊತ್ತು, ಮೂರನೇ ದಿನಕ್ಕೆ ಒಂದು ಕಳೆದಿರುತ್ತದೆ.

ದಾರ

ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ಲೂಧಿಯಾನದಿಂದ ಬರುವ ವರ್ಧಮಾನ್, ಓಸ್ವಾಲ್ ಬ್ರ್ಯಾಂಡುಗಳಲ್ಲಿ ಅಕ್ರಿಲಿಕ್, ಮಿಶ್ರ, ಉಣ್ಣೆ ಎಲ್ಲಾ ಸಿಗುತ್ತದೆ. ಲೇಬಲ್ ಓದಿ. ಲೇಬಲ್ ಇಲ್ಲದ ಹಳೇ ಉಂಡೆಯಾದರೆ ಒಂದು ಎಳೆ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಒತ್ತಿದರೆ ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿಯಾದ ಕಪ್ಪು ಮಣಿ ಆದರೆ ಅಕ್ರಿಲಿಕ್.

ಈ ಪರೀಕ್ಷೆಯಲ್ಲೇ ಒಂದು ದೊಡ್ಡ ವಿಷಯ ಇದೆ. ಬೀದಿಯಲ್ಲಿ ಮಲಗುವವರು ರಟ್ಟು, ಕಟ್ಟಿಗೆ, ಕೆಲವು ಸಲ ಟಯರು ಸುಟ್ಟು ಬೆಂಕಿ ಕಾಯಿಸುತ್ತಾರೆ. ಉಣ್ಣೆಗೆ ಕಿಡಿ ಬಿದ್ದರೆ ಅಲ್ಲೇ ಕರಕಲಾಗಿ ಆರುವುದು ಹೆಚ್ಚು. ಅಕ್ರಿಲಿಕ್ ಕರಗಿ ಚರ್ಮಕ್ಕೆ ಅಂಟುತ್ತದೆ. ಹಾಗಂತ ಎಲ್ಲಕ್ಕೂ ಉಣ್ಣೆ ಹಾಕೋಣ ಅಂದರೆ ಒಗೆಯುವುದು ಕಷ್ಟ. ಬಿಸಿನೀರು ಹಾಕಿ ಕಲ್ಲಿಗೆ ಉಜ್ಜಿದರೆ ಉಣ್ಣೆ ಮುದುಡಿ ಮಗುವಿನ ಕುಲಾವಿ ಆಗುತ್ತದೆ. ಒಣಗಲು ಹೊತ್ತು ಬೇಕು. ಕೆಲವರಿಗೆ ಮೈ ತುರಿಸುತ್ತದೆ.

ನಾನು ಮಾಡಿಕೊಂಡಿರುವ ಹೊಂದಾಣಿಕೆ ಹೀಗಿದೆ. ಟೋಪಿ, ಕಾಲುಚೀಲಕ್ಕೆ ಅಕ್ರಿಲಿಕ್. ಹೇನು, ತಿಗಣೆ ಅಂತ ಪದೇ ಪದೇ ಒಗೆಯಬೇಕಾಗುವುದು ಇವೇ, ಬೇಗ ಒಣಗುವುದೂ ಇವೇ. ಬೆಂಕಿ ಕಡೆ ಜೋತುಬೀಳುವ ಮಫ್ಲರ್‌ಗೆ ಉಣ್ಣೆ ಜಾಸ್ತಿ ಇರುವ ಮಿಶ್ರ ದಾರ. ಕುಚ್ಚು, ಗೊಂಡೆ ಯಾವುದಕ್ಕೂ ಬೇಡ. ಹತ್ತಿ ದಾರವನ್ನು ಮುಟ್ಟಲೇಬೇಡಿ. ನೆನೆದರೆ ಭಾರ, ತಣ್ಣಗೆ, ಎರಡು ದಿನ ಒಣಗುವುದಿಲ್ಲ. ಉಣ್ಣೆ ನೆನೆದರೂ ಸ್ವಲ್ಪ ಬೆಚ್ಚಗೇ ಇರುತ್ತದೆ, ಅದಕ್ಕೇ ಕುರಿ ಕಾಯುವವರು ಮಳೆಯಲ್ಲೂ ಕಂಬಳಿ ಕೊಪ್ಪೆ ಬಿಡುವುದಿಲ್ಲ.

ಬಣ್ಣ: ಕಡುನೀಲಿ, ಬೂದು, ಮರೂನ್, ಬಾಟಲಿ ಹಸಿರು. ಕೊಳೆ ಕಾಣದ ಬಣ್ಣ ಅಂತ ಮೂಗು ಮುರಿಯಬೇಡಿ. ಕೊಳೆ ಕಂಡರೆ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಾರೆ, ಕೆಲಸಕ್ಕೆ ಕರೆಯುವವನು ಮುಖ ತಿರುಗಿಸುತ್ತಾನೆ. ಆದರೆ ಟೋಪಿಯ ಮೇಲ್ಭಾಗದಲ್ಲಿ ಎರಡು ಬೆರಳಗಲ ಹಳದಿಯೋ ಕಿತ್ತಳೆಯೋ ಪಟ್ಟಿ ಹಾಕುತ್ತೇನೆ. ಕತ್ತಲಲ್ಲಿ ರಸ್ತೆ ದಾಟುವಾಗ, ಫುಟ್‌ಪಾತ್ ಅಂಚಲ್ಲಿ ಮಲಗಿದಾಗ ಗಾಡಿಯವರಿಗೆ ಏನಾದರೂ ಕಾಣಬೇಕಲ್ವಾ.

ತೂಕದ ಅಂದಾಜು: ಟೋಪಿಗೆ 80ರಿಂದ 100 ಗ್ರಾಂ, ಮಫ್ಲರ್‌ಗೆ 170ರಿಂದ 200, ಒಂದು ಜೊತೆ ಕಾಲುಚೀಲಕ್ಕೆ 90, ತೋಳಿಲ್ಲದ ಸ್ವೆಟರಿಗೆ 300, ಕಂಬಳಿಗೆ ಒಂದು ಕಿಲೋ ಮೇಲೆ. ಕ್ರೋಶಾದಲ್ಲಿ ಮಾಡಿದರೆ ಸುಮಾರು ಮೂರನೇ ಒಂದು ಭಾಗ ದಾರ ಜಾಸ್ತಿ ಹಿಡಿಯುತ್ತದೆ. ನೆಂಟರಿಷ್ಟರ ಮನೆಯಲ್ಲಿ ಉಳಿದ ಉಂಡೆ ಕೇಳಿ, ಸಿಕ್ಕೇ ಸಿಗುತ್ತದೆ. ಹಳೇ ದಾರವನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಎಳೆದು ನೋಡಿ. ಪಟ್ ಅಂದರೆ ಅದು ದಿಂಬಿನೊಳಗೆ ತುಂಬಲು ಸರಿ, ಹೆಣೆಯಲು ಬೇಡ.

ಕಡ್ಡಿ ಮತ್ತು ಕೈ ಬಿಗಿ

ಇಲ್ಲಿ ಕೊಡುವ ಲೆಕ್ಕವೆಲ್ಲ ಲೇಬಲ್ ಮೇಲೆ ಡಿಕೆ (DK) ಅಥವಾ 8 ಪ್ಲೈ ಎಂದಿರುವ ಮಧ್ಯಮ ದಪ್ಪದ ದಾರಕ್ಕೆ, 8ನೇ ನಂಬರಿನ ಕಡ್ಡಿಗೆ, ಅಂದರೆ 4 ಮಿ.ಮೀ. ನಮ್ಮ ಹಳೇ ಕಡ್ಡಿಗಳಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ತೆಳು: 9 ಅಂದರೆ 3.75 ಮಿ.ಮೀ., 10 ಅಂದರೆ 3.25. ಲೇಬಲ್ ಮೇಲಿನ ಪ್ಲೈ ನಂಬಿಕೊಂಡು ಕೂರಬೇಡಿ. 24 ಕುಣಿಕೆ ಹಾಕಿ ಒಂದು ಬದಿ ಸೀದಾ (ನಿಟ್), ಒಂದು ಬದಿ ಉಲ್ಟಾ (ಪರ್ಲ್) ಹೆಣೆದು, 10 ಸೆಂ.ಮೀ.ಗೆ ಎಷ್ಟು ಕುಣಿಕೆ ಬಂತು ಎಣಿಸಿ. 22 ಬಂದರೆ ಸರಿ. 20 ಬಂದರೆ ನಿಮ್ಮ ಕೈ ಸಡಿಲ, ಒಂದು ನಂಬರು ತೆಳು ಕಡ್ಡಿ ಹಿಡಿಯಿರಿ. ಬೀದಿಗೆ ಹೋಗುವ ಹೆಣಿಗೆ ಬಿಗಿಯಾಗಿರಬೇಕು. ತುಂಡನ್ನು ಕಿಟಕಿ ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣಬಾರದು.

ಹೊಸಬರು ನಾಲ್ಕೇ ವಿದ್ಯೆ ಕಲಿತರೆ ಸಾಕು: ಕುಣಿಕೆ ಹಾಕುವುದು, ಸೀದಾ, ಉಲ್ಟಾ, ಕೊನೆಗೆ ಮುಚ್ಚುವುದು. ಇದನ್ನು ಓದಿ ಕಲಿಯುವುದಕ್ಕಿಂತ ಓಣಿಯಲ್ಲಿ ಹೆಣೆಯುವ ಯಾರಾದರೂ ಅತ್ತೆಯ ಪಕ್ಕ ಒಂದು ಮಧ್ಯಾಹ್ನ ಕೂರುವುದು ಒಳ್ಳೆಯದು.

ಎರಡು ಕಡ್ಡಿಯ ಟೋಪಿ

ಇದು ಎರಡು ಸೀದಾ ಎರಡು ಉಲ್ಟಾ ಪಟ್ಟಿಯ ಟೋಪಿ. ಪಟ್ಟಿ ಹೆಣಿಗೆ ರಬ್ಬರಿನ ಹಾಗೆ ಹಿಗ್ಗುತ್ತದೆ. ಸಣ್ಣ ತಲೆ, ದೊಡ್ಡ ತಲೆ, ಜಡೆಗಟ್ಟಿದ ಕೂದಲು ಎಲ್ಲಕ್ಕೂ ಆಗುತ್ತದೆ.

110 ಕುಣಿಕೆ ಹಾಕಿ. ಹಾಕುವಾಗ ಎರಡೂ ಕಡ್ಡಿ ಜೋಡಿಸಿ ಹಿಡಿದು ಅದರ ಮೇಲೆ ಹಾಕಿ, ಆಮೇಲೆ ಒಂದನ್ನು ಎಳೆದುಬಿಡಿ. ಆಗ ಅಂಚು ಸಡಿಲವಾಗಿ ಬರುತ್ತದೆ. ಇಲ್ಲದಿದ್ದರೆ ಅಂಚು ಹಣೆಗೆ ಕಚ್ಚಿ, ಬೆಳಗ್ಗೆ ಗೆರೆ ಬಿದ್ದಿರುತ್ತದೆ.

ಮೊದಲ ಸಾಲು: 2 ಸೀದಾ, 2 ಉಲ್ಟಾ. ಹೀಗೇ ಕೊನೆವರೆಗೆ, ಕೊನೆಯ ಎರಡು ಸೀದಾ. ಎರಡನೇ ಸಾಲು: 2 ಉಲ್ಟಾ, 2 ಸೀದಾ, ಕೊನೆಯ ಎರಡು ಉಲ್ಟಾ. ಈ ಎರಡು ಸಾಲನ್ನೇ ಹೆಣೆಯುತ್ತಾ ಹೋಗಿ. 25 ಸೆಂ.ಮೀ. ಆಗುವವರೆಗೆ ಬೇರೆ ಯೋಚನೆಯೇ ಬೇಡ. ಟೀವಿ ಮುಂದೆ ಕೂತು ಮಾಡುವ ಕೆಲಸ ಇದು. ನಿಲ್ಲಿಸುವಾಗ ಎರಡನೇ ಸಾಲು ಮುಗಿದಿರಲಿ.

ಈಗ ನೆತ್ತಿ ಕಿರಿದಾಗಬೇಕು. ಇಲ್ಲಿ ಏಳು ಸಾಲು ಗಮನ ಇಟ್ಟು ಹೆಣೆಯಿರಿ.

1. 2 ಸೀದಾ, ಮುಂದಿನ ಎರಡನ್ನು ಸೇರಿಸಿ ಒಂದು ಉಲ್ಟಾ. ಹೀಗೇ ಹೋಗಿ, ಕೊನೆಯ ಎರಡು ಸೀದಾ. 83 ಉಳಿಯುತ್ತದೆ.
2. 2 ಉಲ್ಟಾ, 1 ಸೀದಾ. ಕೊನೆಯ ಎರಡು ಉಲ್ಟಾ.
3. ಎರಡು ಸೇರಿಸಿ ಒಂದು ಸೀದಾ, 1 ಉಲ್ಟಾ. ಕೊನೆಯ ಎರಡನ್ನೂ ಸೇರಿಸಿ ಸೀದಾ. 55 ಉಳಿಯುತ್ತದೆ.
4. 1 ಉಲ್ಟಾ, 1 ಸೀದಾ. ಕೊನೆಯದು ಉಲ್ಟಾ.
5. ಎರಡೆರಡು ಸೇರಿಸಿ ಸೀದಾ, ಕೊನೆಗೆ ಒಂಟಿಯಾಗಿ ಉಳಿದದ್ದೂ ಸೀದಾ. 28.
6. ಎಲ್ಲಾ ಉಲ್ಟಾ.
7. ಎರಡೆರಡು ಸೇರಿಸಿ ಸೀದಾ. 14.

ದಾರವನ್ನು ಒಂದು ಮೊಳ ಬಿಟ್ಟು ಕತ್ತರಿಸಿ. ದಪ್ಪ ಸೂಜಿಗೆ ಪೋಣಿಸಿ, 14 ಕುಣಿಕೆಯೊಳಗೂ ಎರಡು ಸುತ್ತು ತೂರಿಸಿ ಬಿಗಿಯಾಗಿ ಎಳೆಯಿರಿ. ಅದೇ ದಾರದಿಂದ ಪಕ್ಕದ ಅಂಚು ಹೊಲಿಯಿರಿ. ಕೆಳಗಿನ 6 ಸೆಂ.ಮೀ. ಬಂದಾಗ ಟೋಪಿ ತಿರುಗಿಸಿ ಇನ್ನೊಂದು ಮೈಯಿಂದ ಹೊಲಿಯಿರಿ, ಯಾಕೆಂದರೆ ಆ ಭಾಗ ಮೇಲಕ್ಕೆ ಮಡಚಿಕೊಳ್ಳುತ್ತದೆ. ಹಾಗೆ ಮಡಚಿದಾಗ ಕಿವಿ ಮೇಲೆ ಎರಡು ಪದರ ಬರುತ್ತದೆ. ಈ ಟೋಪಿಯ ಮುಖ್ಯ ಲಾಭ ಅದೇ.

ದಾರದ ತುದಿಗೆ ಗಂಟು ಹಾಕಿ ಬಿಡಬೇಡಿ. ಒಂದು ದಿಕ್ಕಿಗೆ 5 ಸೆಂ.ಮೀ., ವಾಪಸ್ 5 ಸೆಂ.ಮೀ. ಹೆಣಿಗೆಯೊಳಗೆ ಸೇರಿಸಿ. ಮನೆಯಲ್ಲಿ ಬಿಚ್ಚಿಕೊಂಡರೆ ಹೊಲಿಯಲು ಸೂಜಿ ಇರುತ್ತದೆ, ಬೀದಿಯಲ್ಲಿ ಇರುವುದಿಲ್ಲ.

ಕ್ರೋಶಾ ಕೈಯವರಿಗೆ

ಕ್ರೋಶಾ ಕಲಿತವರ ಕೈ ತೋರಣ, ಟೀವಿ ಕವರು, ಟೇಬಲ್ ಬಟ್ಟೆಯಲ್ಲಿ ಪಳಗಿರುತ್ತದೆ. ಅಲ್ಲಿ ತೂತೇ ಅಂದ. ಇಲ್ಲಿ ಅದನ್ನು ಮರೆಯಬೇಕು. ಡಬಲ್ ಕ್ರೋಶಾ, ಚೈನ್ ಜಾಲರಿ, ಗ್ರ್ಯಾನಿ ಸ್ಕ್ವೇರ್ ಎಲ್ಲಾ ಪಕ್ಕಕ್ಕಿಡಿ. ಸಿಂಗಲ್ ಅಥವಾ ಹಾಫ್ ಡಬಲ್ ಮಾತ್ರ.

4.5 ಮಿ.ಮೀ. ಕೊಕ್ಕೆಯಲ್ಲಿ 43 ಚೈನ್ ಹಾಕಿ. ಕೊಕ್ಕೆಯಿಂದ ಎರಡನೇ ಚೈನಿನಿಂದ ಶುರು ಮಾಡಿ ಪ್ರತಿಯೊಂದರಲ್ಲೂ ಒಂದು ಹಾಫ್ ಡಬಲ್: 42. ಒಂದು ಚೈನ್ ಹಾಕಿ ತಿರುಗಿಸಿ. ಈಗಿನಿಂದ ಪ್ರತಿ ಹೊಲಿಗೆಯ ಹಿಂದಿನ ಎಳೆಯಲ್ಲಿ ಮಾತ್ರ ಕೊಕ್ಕೆ ತೂರಿಸಿ. ಇದರಿಂದ ಏಣು ಏಣಾಗಿ ಬಂದು ಪಟ್ಟಿ ಹೆಣಿಗೆಯ ಹಾಗೆ ಹಿಗ್ಗುತ್ತದೆ. ತುಂಡು 48 ಸೆಂ.ಮೀ. ಉದ್ದ ಆದಾಗ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಸೇರಿಸಿ ಹೊಲಿಯಿರಿ. ಕೊಳವೆ ಆಯಿತು. ಒಂದು ಬಾಯಿಗೆ ದಾರ ಓಡಿಸಿ, ಚೀಲದ ಬಾಯಿ ಬಿಗಿದ ಹಾಗೆ ಎಳೆಯಿರಿ. ನೆತ್ತಿಯಲ್ಲಿ ಸಣ್ಣ ತೂತು ಉಳಿಯುತ್ತದೆ. ಅದರ ಮೇಲೆ ಅಡ್ಡ, ಉದ್ದ ನಾಲ್ಕು ಹೊಲಿಗೆ ಹಾಕಿ ಮುಚ್ಚಿ. ಇನ್ನೊಂದು ಬಾಯಿ ಮಡಚಿದರೆ ಟೋಪಿ ಸಿದ್ಧ.

ಮಫ್ಲರ್

50 ಕುಣಿಕೆ, ಎಲ್ಲಾ ಸಾಲೂ ಸೀದಾ. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಜಾರಿಸಿ, ಅಂಚು ನೀಟಾಗಿ ಬರುತ್ತದೆ. 22 ಸೆಂ.ಮೀ. ಅಗಲ, 160 ಸೆಂ.ಮೀ. ಉದ್ದ. ಎಲ್ಲಾ ಸೀದಾ ಹೆಣಿಗೆಯಲ್ಲಿ ಎರಡೂ ಕಡೆ ಏಣು ಬಂದು, ಏಣಿನ ನಡುವೆ ಗಾಳಿ ನಿಲ್ಲುತ್ತದೆ. ಬೆಚ್ಚಗಿಡುವುದು ಆ ನಿಂತ ಗಾಳಿಯೇ. ಸುಮಾರು 640 ಸಾಲು, ಅಂದರೆ 32 ಸಾವಿರ ಕುಣಿಕೆ. ಲೆಕ್ಕ ಹಾಕಿ ಹೆದರಬೇಡಿ, ಬಸ್ಸಲ್ಲಿ ಕೂತೇ ಅರ್ಧ ಮುಗಿಯುತ್ತದೆ.

ಕೈಗಾಡಿ ತಳ್ಳುವವರಿಗೆ, ಮೂಟೆ ಹೊರುವವರಿಗೆ ಮಾತ್ರ ಉದ್ದ ಮಫ್ಲರ್ ಬೇಡ. ತುದಿ ಚಕ್ರಕ್ಕೋ ಹಗ್ಗಕ್ಕೋ ಸಿಕ್ಕಿಕೊಳ್ಳುತ್ತದೆ. ಮಾರ್ಕೆಟ್ಟಿನಲ್ಲಿ ಇಂಥವರೇ ಜಾಸ್ತಿ, ಬೆಳಗಿನ ಜಾವ ಹೂವಿನ ಗಾಡಿ ಬರುವ ಹೊತ್ತಿಗೆ ಎದ್ದು ನಿಂತಿರುತ್ತಾರೆ. ಅವರಿಗೆ ಕೊಳವೆ ಮಾಡಿ: 62 ಕುಣಿಕೆ, 60 ಸೆಂ.ಮೀ. ಉದ್ದ, ಎರಡು ತುದಿ ಸೇರಿಸಿ ಹೊಲಿಗೆ. ಕೊರಳಿಗೆ ಹಾಕಿಕೊಂಡು, ಬೇಕಾದಾಗ ಮೂಗಿನವರೆಗೆ ಎಳೆದುಕೊಳ್ಳಬಹುದು.

ಕಾಲುಚೀಲ, ಸ್ವೆಟರ್

ಹಿಮ್ಮಡಿ ಹೆಣೆಯುವ ಕಷ್ಟ ಬೇಡ. 9ನೇ ನಂಬರಿನ ಕಡ್ಡಿಯಲ್ಲಿ 46 ಕುಣಿಕೆ, ಟೋಪಿಯದೇ ಎರಡು ಸಾಲು, 38 ಸೆಂ.ಮೀ. ಉದ್ದ. ಆಮೇಲೆ ಎರಡೆರಡು ಸೇರಿಸಿ ಸೀದಾ, ಒಂದು ಸಾಲು ಉಲ್ಟಾ, ಮತ್ತೆ ಎರಡೆರಡು ಸೇರಿಸಿ ಸೀದಾ. 12 ಉಳಿದಾಗ ದಾರ ತೂರಿಸಿ ಎಳೆದು, ಪಕ್ಕ ಹೊಲಿಯಿರಿ. ಹಿಮ್ಮಡಿ ಇಲ್ಲದ್ದರಿಂದ ಯಾವ ಕಾಲಿಗೂ ಆಗುತ್ತದೆ. ದಿನಾ ಬೇರೆ ಬೇರೆ ಜಾಗ ಹಿಮ್ಮಡಿಗೆ ಬರುವುದರಿಂದ ಒಂದೇ ಕಡೆ ಸವೆಯುವುದಿಲ್ಲ. ಇದು ಮಲಗುವಾಗ ಹಾಕಲು ಮಾತ್ರ ಎಂದು ಹೇಳಿ ಕೊಡಿ. ಹವಾಯಿ ಚಪ್ಪಲಿಗೆ ಇದು ಹೊಂದುವುದಿಲ್ಲ, ಒದ್ದೆ ಚೀಲ ಹಾಕಿಕೊಂಡು ಓಡಾಡಿದರೆ ಬೆರಳ ಸಂದಿ ಕೊಳೆಯುತ್ತದೆ.

ಸ್ವೆಟರಿಗೆ ಎರಡು ಚೌಕ ಸಾಕು: ತಲಾ 118 ಕುಣಿಕೆ, 62 ಸೆಂ.ಮೀ. ಎತ್ತರ. ಮೇಲೆ ಎರಡೂ ಭುಜಕ್ಕೆ 14 ಸೆಂ.ಮೀ. ಹೊಲಿದು ನಡುವೆ ತಲೆಗೆ ಬಿಡಿ. ಪಕ್ಕದಲ್ಲಿ ಮೇಲಿನ 24 ಸೆಂ.ಮೀ. ತೋಳಿಗೆ ಬಿಟ್ಟು ಉಳಿದದ್ದು ಹೊಲಿಯಿರಿ. ಅಂಗಿಯ ಒಳಗೆ ಹಾಕಿಕೊಂಡರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬೀಳದಿದ್ದರೆ ಕಳುವಾಗುವುದೂ ಇಲ್ಲ.

ಕಂಬಳಿಯ ತಕರಾರು

ನಾಲ್ಕು ಜನ ಸೇರಿದ ತಕ್ಷಣ ಎಲ್ಲರಿಗೂ ಕಂಬಳಿ ಮಾಡುವ ಆಸೆ. ನಾನು ಬೇಡ ಅನ್ನುವವಳು. ಒಂಟಿಯಾಗಿ ಬೀದಿಯಲ್ಲಿ ಇರುವವರು ಹಗಲು ಅದನ್ನು ಎಲ್ಲಿಡಬೇಕು? ಮರದ ಕವಲಿಗೋ, ಶಟರಿನ ಮೇಲಿನ ಸಂದಿಗೋ ಸಿಕ್ಕಿಸಿ ಹೋಗುತ್ತಾರೆ. ಸಂಜೆ ಬಂದರೆ ಇರುವುದಿಲ್ಲ. ಯಾರೋ ಒಯ್ದಿರುತ್ತಾರೆ ಅಥವಾ ಕಸದ ಗಾಡಿಗೆ ಹೋಗಿರುತ್ತದೆ. ನೆನೆದರೆ ಎತ್ತಲೂ ಆಗದ ಭಾರ.

ಕೊಡಲೇಬೇಕು ಅಂದರೆ ಒಂದು ಮಾತು ಹೇಳುತ್ತೇನೆ, ಹೆಣೆಯುವವರಿಗೆ ಬೇಜಾರಾಗಬಹುದು. ನಮ್ಮ ಕುರುಬರು ದಖನಿ ಕುರಿಯ ಉಣ್ಣೆಯಲ್ಲಿ ನೇಯುವ ಕರಿ ಕಂಬಳಿಯ ಮುಂದೆ ನಮ್ಮ ಹೆಣಿಗೆ ಏನೂ ಅಲ್ಲ. ಹುಣಸೆ ಬೀಜದ ಸರಿ ಹಾಕಿ ನೇಯ್ದ ಆ ಕಂಬಳಿ ಗಾಳಿ ತಡೆಯುತ್ತದೆ, ಸಣ್ಣ ಮಳೆಗೂ ಜಗ್ಗುವುದಿಲ್ಲ. ಅಕ್ರಿಲಿಕ್ ದಾರಕ್ಕೆ ಹಾಕುವ ದುಡ್ಡನ್ನು ಚಳ್ಳಕೆರೆ ಕಡೆಯ ನೇಕಾರರಿಗೆ ಕೊಟ್ಟು ಕಂಬಳಿ ತನ್ನಿ. ಎರಡು ಮನೆಗೆ ಉಪಕಾರ.

ಆದರೂ ಹೆಣೆಯಬೇಕು, ಗುಂಪಾಗಿ ಕೂರಬೇಕು ಅಂದರೆ ರಾತ್ರಿ ವಸತಿ ಕೇಂದ್ರಕ್ಕೋ, ಟೆಂಟು ಹಾಕಿಕೊಂಡ ಕುಟುಂಬಕ್ಕೋ ಮಾಡಿ. 20 ಸೆಂ.ಮೀ. ಚೌಕಗಳು, ಅಗಲಕ್ಕೆ 6, ಉದ್ದಕ್ಕೆ 9, ಒಟ್ಟು 54. ಒಂಬತ್ತು ಜನ ಸೇರಿದರೆ ತಲಾ ಆರು. 44 ಕುಣಿಕೆ, ಎಲ್ಲಾ ಸೀದಾ. ಒಬ್ಬೊಬ್ಬರ ಕೈ ಒಂದೊಂದು ಥರ, ಆದ್ದರಿಂದ ಶುರು ಮಾಡುವ ದಿನವೇ ಎಲ್ಲರಿಗೂ 20 ಸೆಂ.ಮೀ. ರಟ್ಟಿನ ಚೌಕ ಕತ್ತರಿಸಿ ಕೊಡಿ. ನಾವು ಮೊದಲ ಸಲ ಕೊಡಲಿಲ್ಲ. ಜೋಡಿಸಲು ಕೂತರೆ ಒಂದು 17, ಒಂದು 23. ಕೊನೆಗೆ ಅದು ನಾಯಿಮರಿಗೆ ಹಾಸಿಗೆಯಾಯಿತು.

ಕೆಳಗೆ ಹಾಸಲು

ಮೇಲೆ ಎಷ್ಟು ಹೊದ್ದರೂ ಕೆಳಗೆ ಏನೂ ಇಲ್ಲದಿದ್ದರೆ ಚಳಿ ತಪ್ಪುವುದಿಲ್ಲ. ಮೈಭಾರಕ್ಕೆ ಹೆಣಿಗೆ ಅಮುಕಿ, ಒಳಗಿನ ಗಾಳಿ ಹೋಗಿಬಿಡುತ್ತದೆ. ಇದಕ್ಕೆ ಕ್ರೋಶಾ ಕೈಯವರು ಪ್ಲಾಸ್ಟಿಕ್ ಚಾಪೆ ಮಾಡಬಹುದು. ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಇದೆ, ಆದರೆ ಮನೆಯಲ್ಲಿ ತುರುಕಿಟ್ಟ ಹಳೇ ಕವರು, ಬ್ರೆಡ್ಡಿನ ಕವರು, ಹೊಸ ಬಟ್ಟೆಯ ಕವರು ಬೇಕಾದಷ್ಟು ಬಿದ್ದಿರುತ್ತವೆ. ತೊಳೆದು ಒಣಗಿಸಿ. ಹಿಡಿಕೆ, ತಳ ಕತ್ತರಿಸಿ ತೆಗೆದು, ಉಳಿದದ್ದನ್ನು ನಾಲ್ಕು ಬೆರಳಗಲದ ಬಳೆಗಳಾಗಿ ಕತ್ತರಿಸಿ. ಬಳೆಯೊಳಗೆ ಬಳೆ ತೂರಿಸಿ ಎಳೆದರೆ ಉದ್ದ ಹಗ್ಗ. 10 ಮಿ.ಮೀ. ಕೊಕ್ಕೆಯಲ್ಲಿ 75 ಸೆಂ.ಮೀ. ಆಗುವಷ್ಟು ಚೈನ್, ಅದರ ಮೇಲೆ ಸಿಂಗಲ್ ಕ್ರೋಶಾ, 180 ಸೆಂ.ಮೀ. ಉದ್ದ. ಒಂದು ಚಾಪೆಗೆ 500ರಿಂದ 700 ಕವರು ಬೇಕು. ಸುತ್ತಿ ಹೆಗಲಿಗೆ ಹಾಕಲು ಒಂದು ಪಟ್ಟಿ ಸೇರಿಸಿ. ನೀರು ಹೀರುವುದಿಲ್ಲ, ಕೊಡವಿದರೆ ಒಣಗಿತು, ತಿಗಣೆಗೂ ಅಷ್ಟು ಇಷ್ಟವಾಗುವುದಿಲ್ಲ. ಬೆಂಕಿಯಿಂದ ದೂರ ಇಡಲು ಮಾತ್ರ ಹೇಳಲೇಬೇಕು.

ಕೊಡುವ ದಿನ

ಎಲ್ಲವನ್ನೂ ಒಮ್ಮೆ ಒಗೆದು ನೆರಳಲ್ಲಿ ಒಣಗಿಸಿ. ಅಕ್ರಿಲಿಕ್‌ಗೆ ಇಸ್ತ್ರಿ ತಾಗಿಸಬೇಡಿ, ಹಿಗ್ಗುವ ಗುಣವೇ ಸತ್ತುಹೋಗುತ್ತದೆ.

ಮೊದಲು ಬರಿಗೈಯಲ್ಲಿ ಹೋಗಿ ನೋಡಿಕೊಂಡು ಬನ್ನಿ. ಎಷ್ಟು ಜನ, ಯಾರಿಗೆ ಏನಿದೆ, ಏನಿಲ್ಲ. ಇಪ್ಪತ್ತು ಜನ ಇರುವ ಕಡೆ ಹತ್ತು ಟೋಪಿ ಒಯ್ದರೆ ಜಗಳ ತಂದಿಟ್ಟ ಹಾಗೆ. ವಸತಿ ಕೇಂದ್ರಗಳಾದರೆ ಲೆಕ್ಕ ಸುಲಭವಾಗಿ ಸಿಗುತ್ತದೆ. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದಾದರೂ ಕೇಂದ್ರ ಇರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನಿಮ್ಮೂರಿನದು ಎಲ್ಲಿದೆ ಅಂತ ಪಾಲಿಕೆ ಕಚೇರಿಯಲ್ಲಿ ಕೇಳಿ. ಇದ್ದರೆ ಅದರ ವಿಳಾಸವನ್ನೂ ಟೋಪಿ ಜೊತೆ ಬಾಯಲ್ಲಿ ಹೇಳಿ.

ರಾತ್ರಿ ಎಂಟರಿಂದ ಒಂಬತ್ತೂವರೆ ಒಳಗೆ ಹೋಗಿ. ಮಲಗಿದವರನ್ನು ಎಬ್ಬಿಸಬೇಡಿ. ಕಾರಿನಿಂದ ನಾಲ್ಕೈದು ಜನ ಧಡಧಡ ಇಳಿದರೆ ಕೆಲವರು ಎದ್ದು ಓಡುತ್ತಾರೆ. ಅವರ ಹೆದರಿಕೆಗೆ ಕಾರಣ ಇದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ನಿರಾಶ್ರಿತರ ಕೇಂದ್ರಕ್ಕೆ ಕರೆದೊಯ್ಯುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಇಬ್ಬರೇ ಹೋಗಿ, ನಡೆದು ಹೋಗಿ, ಮೊದಲು ಮಾತಾಡಿ.

ಚೀಲ ಬಿಚ್ಚಿ ಎಲ್ಲವನ್ನೂ ಹರಡಿ, ಅವರೇ ಆರಿಸಿಕೊಳ್ಳಲಿ. ಬಣ್ಣ ಆರಿಸುವುದರಲ್ಲಿ ಗಂಡಸರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಅಂದರೆ ನಿಮಗೆ ನಗು ಬರುತ್ತದೆ. ಫೋಟೋ ಬೇಡ. ಮರಕ್ಕೆ, ಕಂಬಕ್ಕೆ ಕಟ್ಟಿ ಬರುವ ಫ್ಯಾಷನ್ನೂ ನನಗೆ ಹಿಡಿಸುವುದಿಲ್ಲ, ಮಳೆ ಬಂದರೆ ಮುಗಿಯಿತು. ಬೇಡ ಅಂದವರಿಗೆ ಒತ್ತಾಯ ಮಾಡಬೇಡಿ. ನಾಳೆ ಅದನ್ನು ಮಾರಿ ಊಟ ಮಾಡಿದರೂ ಅದು ಅವರ ವಸ್ತು.

ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಹೋಗಿ. ಯಾವುದು ತಲೆ ಮೇಲಿದೆ, ಯಾವುದು ಚೀಲದಲ್ಲಿದೆ, ಯಾವುದು ಮಾಯ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮುಂದಿನ ವರ್ಷದ ಪ್ಯಾಟರ್ನ್ ಅಲ್ಲಿಂದಲೇ ಹುಟ್ಟುತ್ತದೆ.

ಶಾಲಿನ ಅಜ್ಜಿಗೆ ಎರಡನೇ ವರ್ಷ ಪಟ್ಟಿ ಟೋಪಿ ಕೊಟ್ಟೆ. ಹಾಕಿಕೊಂಡರು, ಹೋದ ಸಲದ ಹಾಗೆ ಎತ್ತಿಡಲಿಲ್ಲ. ಆದರೆ ಹಿಂದಲೆಗೆ ಕೈ ಹಾಕಿ, "ತುರುಬು ಎಲ್ಲಿಗೆ ಹೋಗ್ಬೇಕವ್ವ?" ಅಂದರು. ಆವತ್ತಿನಿಂದ ಹೆಂಗಸರ ಟೋಪಿಯನ್ನು ನೆತ್ತಿಯ ನಾಲ್ಕನೇ ಸಾಲಿಗೇ ನಿಲ್ಲಿಸುತ್ತೇನೆ. 55 ಕುಣಿಕೆ ಇರುವಾಗಲೇ, ದಪ್ಪ ಕಡ್ಡಿಯಲ್ಲಿ, ಸಡಿಲವಾಗಿ ಮುಚ್ಚುವುದು. ಪಕ್ಕ ಹೊಲಿದ ಮೇಲೆ ಒಂದು ಗಜ ಕ್ರೋಶಾ ಚೈನ್ ಮಾಡಿ, ನೆತ್ತಿಯ ಬಾಯಿಗೆ ಲಾಡಿಯ ಹಾಗೆ ಓಡಿಸಿ ತುದಿಗೆ ಗಂಟು. ಹಗಲು ಅದರೊಳಗಿಂದ ತುರುಬು ಹೊರಗೆ ಬರುತ್ತದೆ. ರಾತ್ರಿ ಕೂದಲು ಬಿಚ್ಚಿ, ಲಾಡಿ ಎಳೆದು ಕಟ್ಟಿಕೊಂಡರೆ ಗಾಳಿ ಒಳಗೆ ಬರುವುದಿಲ್ಲ.